ಕಾಕಾ ನಿಲ್ಲಿಸಿದ ಜಾಗ

ದೇವಿಂದ್ರಪ್ಪ ಕಾಕಾ ಹಿಂದಕ್ಕೆ ನಡೆಯುತ್ತಿದ್ದ. ಪ್ರವಾಸಿಗರ ಕಡೆ ಮುಖ ಮಾಡಿಕೊಂಡು ಹಾಗೆ ನಡೆಯುವುದು ಗೈಡುಗಳಿಗೆ ರೂಢಿಯೇ. ಆದರೆ ಈತ ಶಹಾಪುರದ ಸಂತೆಯಲ್ಲೂ ಹಾಗೇ. ನಾನು, ಅವ್ವ ಚೀಲ ಹಿಡಿದು ಬರುತ್ತಿದ್ದರೆ ನಮ್ಮತ್ತ ತಿರುಗಿ ಮಾತಾಡುತ್ತ, ಉಳ್ಳಾಗಡ್ಡಿ ರಾಶಿ, ಕಟ್ಟಿಹಾಕಿದ ಆಡು, ಅಡ್ಡ ನಿಂತ ಸೈಕಲ್ಲು, ಯಾವುದಕ್ಕೂ ಕಾಲು ತಾಗಿಸದೆ ಹಿಂದಹಿಂದಕ್ಕೆ ಸರಿಯುತ್ತಿದ್ದ.

"ಬೀಳ್ತೀ ನೋಡ್ ಕಾಕಾ."

"ಯಾಕ ಬೀಳ್ತೀನಿ? ಎತ್ತು ಬಂದ್ರ ನಿನ್ನ ಕಣ್ಣು ದೊಡ್ಡವಾಗ್ತಾವ. ಕೆಸರಿದ್ರ ನಿಮ್ಮವ್ವ ಸೀರಿ ಎತ್ತತಾಳ. ನಿಮ್ಮ ಮಾರಿ ನೋಡ್ಕೋತ ದಾರಿ ನಡೀತೀನಿ ನಾ."

ಆದ್ದರಿಂದ "ಕಾಕಾನಿಗೆ ನಿನ್ನ ಮನಸ್ಸು ಗೊತ್ತಿರಲಿಲ್ಲ, ಪಾಪ, ತಿಳಿಯದೆ ಮಾಡಿದ" ಎಂದು ಯಾರೂ ನನ್ನೆದುರು ವಾದಿಸಬಾರದು. ಆತ ಮಾಡಿದ್ದನ್ನೆಲ್ಲ ನನ್ನ ಮುಖ ಚೆನ್ನಾಗಿ ಓದಿಕೊಂಡೇ ಮಾಡಿದ.

ರಕ್ತಸಂಬಂಧವಲ್ಲ, ಅಪ್ಪನ ಗೆಳೆಯ. ಏಳು ಮಂದಿ ಕೂಡುವ ಗಾಡಿಯೊಂದನ್ನು ಇಟ್ಟುಕೊಂಡು, ಬಂದವರಿಗೆ ಶಹಾಪುರದ ಗುಡ್ಡ, ವನದುರ್ಗದ ಕೋಟೆ, ಸುರಪುರದ ಅರಮನೆ ತೋರಿಸುವುದು ಆತನ ಕಸುಬು. ರಜೆ ಬಂದರೆ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ದೂರದ ಊರಿಗೂ ಹೊರಡುತ್ತಿದ್ದ. ಅಂಗಿಯ ಜೇಬಿನಲ್ಲಿ ಸದಾ ಒಂದು ಬಡೇಸೋಪಿನ ಡಬ್ಬಿ, ಉಂಡ ಮೇಲೆ ಬಾಯಿಗೆ ಹಾಕಿಕೊಳ್ಳುವ ಸೋಂಪು. ಒಂದು ಜಾಗ ತೋರಿಸಿದ ಮೇಲೆ ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕುತ್ತಿದ್ದ. ಅದು ಬಿತ್ತೆಂದರೆ ಅಲ್ಲಿಗೆ ಆ ಜಾಗ ಮುಗಿಯಿತು, ಗಾಡಿ ಹತ್ತಬೇಕು. ಇನ್ನೊಂದೇ ಫೋಟೊ ಅಂತ ಗೋಗರೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. "ಬಡೇಸೋಪು ತಿಂದ ಮ್ಯಾಲ ಮತ್ತ ಅನ್ನಾ ಕೇಳ್ತಾರೇನ್ರಿ? ನಡೀರಿ, ನಡೀರಿ."

ನಮ್ಮೂರ ಗುಡ್ಡ ದೂರದಿಂದ ಬುದ್ಧ ಮಲಗಿದಂತೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ನಿಂತರೂ ಕಾಣುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ರಸ್ತೆ ಪಕ್ಕದ ಒಂದು ಬೇವಿನ ಗಿಡದ ಹತ್ತಿರ ಕಾಕಾ ಬಂದವರನ್ನು ನಿಲ್ಲಿಸುತ್ತಿದ್ದ. "ಜರಾ ಎಡಕ್ಕ ಬರ್ರಿ. ಇನ್ನೊಂದು ಹೆಜ್ಜಿ. ಹಾಂ, ಈಗ ನೋಡ್ರಿ." ಜನ ಬಾಯಿ ತೆರೆಯುತ್ತಿದ್ದರು. ಹಣೆ, ಮೂಗು, ಎದೆ, ಮಡಚಿಟ್ಟ ಕೈ, ಎಲ್ಲ ಕಾಣಿಸುತ್ತಿತ್ತು. ನಾನಿನ್ನೂ ಸಣ್ಣಾಕಿ. ಒಂದು ದಿನ ಎಲ್ಲರೂ ಕೈಮುಗಿದು ನಿಂತಿದ್ದಾಗ "ಇಲ್ಲ, ಅದು ಬರೇ ಗುಡ್ಡ. ಆ ಕಡಿ ಹೋಗಿ ನಿಂತ್ರ ಮೂಗು ಇರಾಂಗಿಲ್ಲ" ಅಂದೆ. ಅಪ್ಪ ಕಣ್ಣು ಕೆಂಪಗೆ ಮಾಡಿದ. ಕಾಕಾ ಮಾತ್ರ ಹಿರಿಹಿರಿ ಹಿಗ್ಗಿದ. ಅಂದಿನಿಂದ ರವಿವಾರ ಬಂದರೆ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಎಲ್ಲರೂ ನೋಡಿದ ಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನಮ್ಮ ವಕೀಲವ್ವ ಇದನ್ನ ಒಪ್ಪಾಂಗಿಲ್ಲ ನೋಡ್ರಿ. ಹೇಳವ್ವಾ, ಯಾಕ ಒಪ್ಪಾಂಗಿಲ್ಲ?" ಅನ್ನುತ್ತಿದ್ದ. ನಾನು ಒದರುತ್ತಿದ್ದೆ. ಜನ ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ವಾಪಸ್ ಬರುವಾಗ ಕಾಕಾ ನನ್ನ ವಾದವನ್ನೇ ಹಿಡಿದು ಜಾಡಿಸುತ್ತಿದ್ದ. "ಸಬೂತ್ ಎಲ್ಲದ, ಪುರಾವಿ ಎಲ್ಲದ? ಜೋರ್ ಒದರಿದ್ರ ಖರೇ ಆಗ್ತದೇನು?" ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದಾಗ, ಎಲ್ಲಿ ಕಲಿತಿ ಎಂದು ಕೇಳಿದವರಿಗೆ ಬೇವಿನ ಗಿಡದ ಬುಡದಲ್ಲಿ ಎಂದೇ ಹೇಳುತ್ತಿದ್ದೆ. ಅದು ಈಗಲೂ ಸುಳ್ಳಲ್ಲ. ಸಿಟ್ಟಿಗಾಗಿ ಅದನ್ನು ಅಳಿಸಲಾರೆ.

ಡಿಗ್ರಿ ಕೊನೆಯ ವರ್ಷ. ಕಲಬುರಗಿಗೆ ಹೋಗಿ ಲಾ ಓದಬೇಕು ಎಂಬುದು ನನ್ನ ಹಟ. ಅಪ್ಪನನ್ನು ಕೇಳುವುದು ಕಷ್ಟ. ಬೈದರೆ ಎದುರು ವಾದಿಸಬಹುದು. ಆತ ಬೈಯುವವನಲ್ಲ, ಸುಮ್ಮನೆ ಎದ್ದು ಹೋಗಿಬಿಡುವವ. ಉತ್ತರವನ್ನೇ ಕೊಡದ ಮನುಷ್ಯನನ್ನು ಯಾವ ವೇದಿಕೆಯ ಮೇಲೂ ಸೋಲಿಸಲಾಗದು. ಕಾಕಾನ ಮುಂದೆ ಹೇಳಿಕೊಂಡೆ.

"ನಿಮ್ಮಪ್ಪನ್ನ ನನಗ ಬಿಡು," ಅಂದ ಕಾಕಾ. "ಮನ್ಯಾಗ ಆಗೂ ಮಾತಲ್ಲ ಇದು. ಸಮುದ್ರದ ದಂಡಿಗಿ ಕುಂತ್ರ ಎಂಥಾ ಗಂಡಸೂ ಮೆತ್ತಗ ಆಗ್ತಾನ. ಒಂದ್ ಟೂರ್ ಹಾಕೂಣು."

ಮಂಗಳೂರು, ಉಡುಪಿ, ಕಾರವಾರ, ಪಣಜಿ. ಅಲ್ಲಿಂದ ಘಟ್ಟ ಹತ್ತಿ ಬೆಳಗಾವಿ ಮೇಲೆ ವಿಜಯಪುರದ ದ್ರಾಕ್ಷಿ ಸೀಮೆ. ಅದು ಯಾಕೆ ಎಂದೆ. "ಸೆರೆ ಕುಡಿಯೂದು ಬಂದ್ ಆಗ್ಬೇಕಂತ ವಾದ ಮಾಡಿ ಕಪ್ ತಂದಾಕಿ ನೀ. ವೈನ್ ಹೆಂಗ ಮಾಡ್ತಾರ ಅಂತ ನೋಡೇ ಇಲ್ಲ. ಮೊದಲ ನೋಡು, ಆಮ್ಯಾಲ ಜಗಳಾ ತಗಿ." ನನ್ನಂಥವಳಿಗೆ ಇದಕ್ಕಿಂತ ರುಚಿಯಾದ ಗಾಳ ಇರಲಿಕ್ಕಿಲ್ಲ. ಅಪ್ಪ, ಅವ್ವ, ನಾನು ಹತ್ತಿದೆವು. ಕಾಕಾ ಗಾಡಿ ಬಿಟ್ಟ.

ಮಂಗಳೂರಿನ ದಂಡೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅವ್ವ ಹುಟ್ಟಿದಾಗಿನಿಂದ ನೋಡಿದ್ದು ಕೃಷ್ಣಾ ಹೊಳಿ ಒಂದೇ. ಕಾಕಾ ತನ್ನ ಟಾವೆಲ್ಲಿನ ಒಂದು ತುದಿ ಅವಳ ಕೈಗೆ ಕೊಟ್ಟು, ಕಣ್ಣು ಮುಚ್ಚಿಸಿ, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆದ. "ಬರ್ರಿ ಅತ್ತಿಗಿ, ಹೆದರಬ್ಯಾಡ್ರಿ, ಬರ್ರಿ." ತೆರೆ ಬಂದು ಆತನ ಬೆನ್ನಿಗೆ ಬಡಿಯಿತು. ಪ್ಯಾಂಟು, ಅಂಗಿ ಎಲ್ಲ ತೊಯ್ದರೂ ತಿರುಗಲಿಲ್ಲ. ಅವ್ವನ ಪಾದ ನೆನೆದ ಮೇಲೆ "ಹಾಂ, ಈಗ ಕಣ್ ತಗೀರಿ" ಅಂದ. ಅವ್ವ ಬಹಳ ಹೊತ್ತು ನೋಡಿ ಕೇಳಿದಳು: "ಇಷ್ಟು ನೀರು, ಯಾರ ಹೊಲಕ್ಕೂ ಹಾಯಾಂಗಿಲ್ಲೇನು?" ಕಾಕಾ ನಕ್ಕು ನಕ್ಕು ನೀರಿನಲ್ಲೇ ಕುಂತುಬಿಟ್ಟ.

ದಿನಾ ಸಂಜೆ ಕಾಕಾ ಅಪ್ಪನನ್ನು ಕರೆದುಕೊಂಡು ದೂರ ಹೋಗಿ ಉಸುಕಿನ ಮೇಲೆ ಕೂಡುತ್ತಿದ್ದ. ಅಪ್ಪ ತಲೆಯಾಡಿಸುವುದು ಇಲ್ಲಿಂದಲೇ ಕಾಣುತ್ತಿತ್ತು. ಆಮೇಲೆ ಕಾಕಾ ನನ್ನ ಹತ್ತಿರ ಬಂದು ದನಿ ತಗ್ಗಿಸಿ ವರದಿ ಒಪ್ಪಿಸುತ್ತಿದ್ದ. ಉಡುಪಿಯಲ್ಲಿ: "ಲಾ ಮಾತ ತಗದೀನಿ. ಎದ್ದು ಹೋಗಲಿಲ್ಲ. ಅದಾ ದೊಡ್ಡದು." ಕಾರವಾರದಲ್ಲಿ: "ಕಲಬುರಗ್ಯಾಗ ಹಾಸ್ಟೆಲ್ ಹೆಂಗಿರ್ತಾವ ಅಂತ ಕೇಳಿದ ನೋಡು." ಪಣಜಿಗೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ವಕೀಲರ ಕರಿ ಕೋಟು ಹಾಕಿಕೊಂಡು ತಿರುಗುತ್ತಿದ್ದೆ. ಅಲ್ಲಿನ ಬಜಾರಿನಲ್ಲಿ ಆತನಿಗೊಂದು ಬಿಳಿ ಟೊಪ್ಪಿಗೆ ಕೊಡಿಸಿದೆ.

ಒಂದು ವಿಚಿತ್ರ ಕಂಡಿತ್ತು. ಚಿಕ್ಕಂದಿನಿಂದ ನನ್ನನ್ನು ಶಹಾಪುರದ ರಣಬಿಸಿಲಲ್ಲಿ ನಿಲ್ಲಿಸಿ ಭಾಷಣ ಮಾಡಿಸಿದ ಮನುಷ್ಯ, ಪಣಜಿಯಲ್ಲಿ ಛತ್ರಿ ಬಿಚ್ಚಿ ನನ್ನ ತಲೆ ಮೇಲೆ ಹಿಡಿದ. "ನೆರಳಿಗಿ ಬಾ ಯವ್ವಾ, ಮಾರಿ ಕರ್ರಗಾಗ್ತದ." ಕರ್ರಗಾದರೆ ಏನಾಯಿತು ಎಂದು ಜಗಳ ತೆಗೆದೆ. ನಕ್ಕ. ಛತ್ರಿ ಮಾತ್ರ ಮಡಚಲಿಲ್ಲ. ಸಬೂತು ನನ್ನ ತಲೆಯ ಮೇಲೇ ಇತ್ತು.

ವಿಜಯಪುರ ದಾಟಿ ಒಂದು ತೋಟ. ತಂತಿಯ ಮೇಲೆ ಹಬ್ಬಿಸಿದ ಬಳ್ಳಿಯ ಸಾಲುಗಳು, ಅದರಾಚೆ ವೈನ್ ಮಾಡುವ ಶೆಡ್ಡು, ಎದುರಿಗೆ ಉದ್ದ ಪಡಸಾಲೆಯ ಮನೆ. ತೋಟದ ಮಾಲಕರ ಮಗ ನಮಗೆಲ್ಲ ತೋರಿಸಿದ. ಆಳೆತ್ತರದ ಸ್ಟೀಲ್ ಟ್ಯಾಂಕುಗಳು, ಹುಳಿ ವಾಸನೆ. ವೈನಿನ ದ್ರಾಕ್ಷಿ ತಿನ್ನುವ ದ್ರಾಕ್ಷಿಯಲ್ಲ, ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ ಎಂದು ವಿವರಿಸಿದ. ಮೆತ್ತನೆ ಮನುಷ್ಯ. ಹೊರಗೆ ಬಂದ ಮೇಲೆ ಕಾಕಾ ನನ್ನನ್ನು ಒಂದು ಸಾಲಿನ ತುದಿಗೆ ಕರೆದ.

"ಇಲ್ಲಿ ನಿಂದ್ರು. ಜರಾ ಎಡಕ್ಕ. ಇನ್ನೊಂದು ಹೆಜ್ಜಿ. ಹಾಂ, ಈಗ ಕೇಳು ಅವರ್ನ, ಏನ್ ಕೇಳ್ತೀ."

ಕೇಳಿದೆ. ಕುಡಿಯುವ ನೀರಿಗೆ ಜನ ಕೊಡ ಹೊತ್ತು ತಿರುಗುವ ಸೀಮೆಯಲ್ಲಿ ಕುಡಿತಕ್ಕೆ ನೀರು ಹಾಯಿಸುವುದು ಯಾವ ನ್ಯಾಯ ಎಂದೆ. ಆತ ಸಮಾಧಾನದಿಂದ ಉತ್ತರಿಸಿದ, ನಾನು ಒಂದೊಂದೇ ಉತ್ತರವನ್ನು ಮುರಿದೆ. ಗೆದ್ದೆ ಎಂದುಕೊಂಡು ತಿರುಗಿದರೆ ಪಡಸಾಲೆಯ ಮೇಲೆ ಆ ಮನೆಯ ಹಿರಿಯರೆಲ್ಲ ಕುರ್ಚಿ ಹಾಕಿಕೊಂಡು ಸಾಲಾಗಿ ಕುಂತು ನನ್ನನ್ನು ನೋಡುತ್ತಿದ್ದರು. ಅವರ ನಡುವೆ ಅಪ್ಪ. ಅವ್ವ ಯಾವಾಗಲೋ ರೇಷ್ಮೆ ಸೀರೆ ಉಟ್ಟಿದ್ದಳು. ತೋರಿಸುವುದೆಲ್ಲ ಮುಗಿದಿದ್ದರೂ ಕಾಕಾ ಬಡೇಸೋಪಿನ ಡಬ್ಬಿ ತೆಗೆದಿರಲಿಲ್ಲ.

ಮಾಲಕರ ತಾಯಿ ಕಾಕಾನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನೀ ಹೇಳ್ದಂಗನ ಅದಾಳ ಬಿಡಪ್ಪ ಹುಡುಗಿ. ಬಾಯಿ ಒಂದ್ ಜರಾ ಜೋರ್ ಐತಿ."

"ಅದನ್ನೂ ನೋಡ್ಲಿ ಅಂತನ ನಿಂದ್ರಿಸಿದ್ನಿ ಆಯಿ. ಯಾಕ ಹೇಳಲಿಲ್ಲ ಅಂತ ನಾಳಿ ನೀವು ಅನಬಾರ್ದು."

ಗುಡ್ಡಕ್ಕೆ ಕಿವಿ ಇದ್ದಿದ್ದರೆ ಬೇವಿನ ಗಿಡದ ಕೆಳಗಿನ ಮಾತು ಕೇಳಿ ಅದಕ್ಕೆ ಏನನಿಸುತ್ತಿತ್ತು ಎಂದು ಅವತ್ತು ತಿಳಿಯಿತು.

ಆ ಮನೆಯ ಹೆಂಗಸರು ಕರೆದು ನನ್ನ ಉಡಿಯಲ್ಲಿ ಹಾಕಿದ ಕುಪ್ಪಸದ ಕಣ, ತೆಂಗಿನಕಾಯಿ ಅಲ್ಲೇ ಕುರ್ಚಿಯ ಮೇಲಿಟ್ಟು ಬಂದು ಗಾಡಿಯಲ್ಲಿ ಕುಂತೆ. ಗಾಡಿ ಹೊರಟ ಮೇಲೆ ಕೇಳಿದೆ.

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ಬರ್ತಿದ್ದೇನು?"

"ಇಲ್ಲ."

"ಮತ್ತ?" ಗೆದ್ದವನಂತೆ ಕೇಳಿದ. ಸಣ್ಣವಳಿದ್ದಾಗ ನಾನು ಇಂಥ ವಾದ ಮಾಡಿದ್ದರೆ ಇದೇ ಗಾಡಿಯಿಂದ ಇಳಿಸಿರುತ್ತಿದ್ದ. "ಛಲೋ ಮನಿ ಯವ್ವಾ. ಮದವಿ ಆದ ಮ್ಯಾಲೂ ಓದಸ್ತೀವಿ ಅಂತಾರ. ನಿಮ್ಮಪ್ಪ ಓದಸಾಂವಲ್ಲ."

ಮುಂದೆ ಕುಂತಿದ್ದ ಅಪ್ಪ ತಿರುಗಿದ. "ಏನು ಓದಸಾಂವಲ್ಲ?"

"ಲಾ," ಅಂದೆ. "ದಿನಾ ಸಮುದ್ರದ ದಂಡಿಮ್ಯಾಲ ಕಾಕಾ ಕೇಳಿದ್ದು."

ಅಪ್ಪ ನನ್ನ ನೋಡಿದ, ಕಾಕಾನ ನೋಡಿದ. "ಇಂವ ಆ ಮಾತ ತಗದೇ ಇಲ್ಲಲ್ಲ. ದಿನಾ ಈ ಹುಡುಗನ ಸುದ್ದಿನ ಹೇಳ್ಯಾನ."

ಯಾವಾಗಲೂ ಕನ್ನಡಿಯಲ್ಲಿ ನಮ್ಮ ಮುಖ ನೋಡಿಕೊಂಡೇ ಗಾಡಿ ಹೊಡೆಯುತ್ತಿದ್ದ ಕಾಕಾ ಅವತ್ತು ಕನ್ನಡಿಯತ್ತ ಕಣ್ಣೆತ್ತಲಿಲ್ಲ.

ಶಹಾಪುರ ಮುಟ್ಟುವವರೆಗೆ ನನ್ನ ವಾದವನ್ನು ನಾನೇ ಅಪ್ಪನ ಮುಂದಿಟ್ಟೆ. ಆ ಮನೆಗೆ ನಾನು ಹೋಗುವುದಿಲ್ಲ, ಕಲಬುರಗಿಗೆ ಹೋಗುತ್ತೇನೆ. ಚಲಿಸುವ ಗಾಡಿಯಿಂದ ಆತ ಎದ್ದು ಹೋಗುವಂತಿರಲಿಲ್ಲ. ಮನೆಯ ಮುಂದೆ ಇಳಿಯುವಾಗ "ಕಾಲೇಜು ಯಾವಾಗ ಚಾಲೂ ಆಗ್ತಾವ?" ಎಂದು ಕೇಳಿದ. ಅಷ್ಟೇ. ಈಗ ನಾನು ಕಲಬುರಗಿಯಲ್ಲಿ ಲಾ ಓದುತ್ತಿದ್ದೇನೆ.

ಎದುರು ಪಕ್ಷದ ಮಾತನ್ನೂ ಆಡಬೇಕು. ಕಾಕಾನಿಗೆ ಅದರಿಂದ ಲಾಭವೇನೂ ಇರಲಿಲ್ಲ. ನನ್ನ ಬಾಯಿ ಜೋರು ಎಂಬುದನ್ನು ಆ ಮನೆಯವರಿಂದ ಬಚ್ಚಿಡಲಿಲ್ಲ, ಅದೇ ನನ್ನ ಬೆಲೆ ಎಂದು ತಿಳಿದವನಂತೆ ತೋರಿಸಿದ. ನನ್ನ ಒಳ್ಳೆಯದನ್ನೇ ಬಯಸಿದ್ದ, ಒಪ್ಪುತ್ತೇನೆ. ಎದುರು ನಿಂತು "ಲಾ ಬ್ಯಾಡ, ಮದವಿ ಆಗು" ಎಂದಿದ್ದರೆ ಎರಡು ದಿನ ಜಗಳಾಡಿ ಮೂರನೇ ದಿನ ಆತನ ಜೊತೆ ಗಾಡಿ ಹತ್ತುತ್ತಿದ್ದೆ. ನಿನ್ನ ಪರ ಮಾತಾಡಿ ಬಂದೆ ಎಂದು ಸಂಜೆ ಸಂಜೆ ಬಂದು ಹೇಳಿದನಲ್ಲ, ಆ ಹಾಸ್ಟೆಲಿನ ಮಾತನ್ನು ಕೂತು ಕಟ್ಟಿದನಲ್ಲ, ಅಲ್ಲಿಗೆ ಎದುರು ಪಕ್ಷದ ವಾದ ಮುಗಿಯುತ್ತದೆ. ಎಲ್ಲದಕ್ಕೂ ಸಬೂತು ಕೇಳು ಎಂದು ಕಲಿಸಿದವನೊಬ್ಬನಿಗೇ ನಾನು ಸಬೂತು ಕೇಳಿರಲಿಲ್ಲ.

ಮೊನ್ನೆ ರಜೆಗೆ ಬಂದಾಗ ಗೆಳತಿಯೊಬ್ಬಳಿಗೆ ಗುಡ್ಡ ತೋರಿಸಲು ಹೋಗಿದ್ದೆ. ಬೇವಿನ ಗಿಡದ ಹತ್ತಿರ ಕಾಕಾ, ಯಾವುದೋ ಊರಿನ ಕುಟುಂಬವೊಂದರ ಕಡೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತಿದ್ದ. ತಲೆಯ ಮೇಲೆ ನಾನು ಕೊಡಿಸಿದ ಪಣಜಿಯ ಟೊಪ್ಪಿಗೆ. ಅವರೆಲ್ಲರ ಕಣ್ಣು ನನ್ನತ್ತ ಹೊರಳಿದ್ದಕ್ಕೆ ತಿರುಗಿ ನೋಡಿದ. ಮುಖ ಅರಳಿತು.

"ನಮ್ಮ ವಕೀಲವ್ವ ಬಂದ್ಳು ನೋಡ್ರಿ! ಇಕಿ ಇದನ್ನ ಒಪ್ಪಾಂಗಿಲ್ಲ. ಹೇಳವ್ವಾ, ಯಾಕ ಒಪ್ಪಾಂಗಿಲ್ಲ?"

ಎಲ್ಲರೂ ನಗುಮುಖ ಮಾಡಿ ಕಾದರು. ನಾನು ಗುಡ್ಡ ನೋಡುತ್ತ ನಿಂತೆ.

"ಹೇಳವ್ವಾ," ಅಂದ ಇನ್ನೊಮ್ಮೆ, ಮೆಲ್ಲಗೆ.

ನಾನು ಗುಡ್ಡದಿಂದ ಕಣ್ಣು ತೆಗೆದು ಆತನತ್ತ ತಿರುಗಿದೆ. ಕಾಕಾ ನನ್ನ ಮುಖವನ್ನು ನೋಡಿದ, ಓದಿಕೊಂಡ. ಜೇಬಿನಿಂದ ಡಬ್ಬಿ ತೆಗೆದು ಅವರೆಲ್ಲರ ಅಂಗೈಗೆ ಬಡೇಸೋಪು ಹಾಕತೊಡಗಿದ. "ಬುದ್ಧನ್ನ ಇನ್ನಾ ತೋರಿಸೇ ಇಲ್ಲಲ್ರೀ?" ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಆತನಿಗೆ ಕೇಳಿಸಲಿಲ್ಲ. ನನಗೆ ಬೆನ್ನು ತಿರುಗಿಸಿ ಗಾಡಿಯತ್ತ ಹೊರಟ. ಕಾಕಾ ನನ್ನಿಂದ ದೂರ ನಡೆದು ಹೋಗುವಾಗ ಆತನ ಬೆನ್ನು ನೋಡಿದ್ದು ಅದೇ ಮೊದಲು. ಎಲ್ಲರ ಹಾಗೆ ಮುಂದೆ ನೋಡಿಕೊಂಡೇ ನಡೆಯುತ್ತಿದ್ದ. ರಸ್ತೆಯ ಅಂಚಿನ ಸಣ್ಣ ಕಲ್ಲಿಗೆ ಎಡವಿದ.