ಮೊಮ್ಮಗಳಿಗೊಂದು ಕುಂದು

ಕೊರಿಯಾದ ಟೊಂಗ್ಯೊಂಗ್ ಬಂದರಿನ ಬೊಂಗ್ನಿಮ್ ಅಜ್ಜಿ ನಲವತ್ತು ವರ್ಷ ಮದುವೆ ಕುದುರಿಸಿದವಳು. ಅವಳ ಬಂಡವಾಳವೆಲ್ಲ ಬಾಯಿ. ಫೋಟೋದಲ್ಲಿ ಮರಗಟ್ಟಿ ಕೂತ ಹುಡುಗನೂ ಅವಳ ಮಾತಿನಲ್ಲಿ ಎದ್ದು ಓಡಾಡುತ್ತಿದ್ದ. ಅಜ್ಜಿ ಸುಳ್ಳಂತೂ ಹೇಳುತ್ತಿರಲಿಲ್ಲ. ಕಿತಾಪತಿ ಇದ್ದದ್ದೇ ಅಲ್ಲಿ. ಅಲೆಯ ಮೇಲಿನ ದೋಣಿಯ ಹಾಗೆ ತೂಗುತ್ತ ನಡೆಯುವ ಗಂಡು ಎಂದಳು; ಮದುವೆಯ ದಿನ ನೋಡಿದರೆ ಅವನಿಗೆ ಒಂದು ಕಾಲು ಗಿಡ್ಡ. ಹುಣ್ಣಿಮೆ ಚಂದ್ರನಂಥ ಮುಖ ಎಂದಳು. ಸಿಡುಬಿನ ಕಲೆಗಳೂ ಚಂದ್ರನ ಲೆಕ್ಕಕ್ಕೇ ಸೇರಿದ್ದವು. ಊರಿನವರು ಈಗ ಅವಳ ಒಂದೊಂದು ಹೋಲಿಕೆಯನ್ನೂ ಮೀನು ಕೊಳೆತಿದೆಯೇ ಎಂದು ಕಿವಿರು ಎತ್ತಿ ನೋಡುವ ಹಾಗೆ ನೋಡುತ್ತಿದ್ದರು.

ಇಂಥವಳಿಗೆ ತನ್ನ ಮೊಮ್ಮಗಳ ಮದುವೆಯೇ ಗಂಟಲಲ್ಲಿ ಸಿಕ್ಕಿಕೊಂಡಿತು. ಹ್ವಾಜಾ ತಾಯಿಯಿಲ್ಲದ ಹುಡುಗಿ, ಅಜ್ಜಿಯೇ ಬೆಳೆಸಿದವಳು. ಒಣಮೀನಿನಂಗಡಿಯ ತೆಸಿಕ್‌ನನ್ನು ಬಿಟ್ಟು ಬೇರೆ ಯಾರೂ ಬೇಡವೆಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಎಪ್ಪತ್ತಮೂರು ದಾಟಿದ ಅಜ್ಜಿಗೂ ಇದೊಂದು ಆಗಿಬಿಟ್ಟರೆ ಸಾಕಾಗಿತ್ತು. ಆದರೆ ತಮ್ಮ ಮನೆಯ ಮಕ್ಕಳನ್ನು ತಾವೇ ಹೊಗಳುವವರನ್ನು ಆ ಸೀಮೆಯಲ್ಲಿ ಅರೆಬುದ್ಧಿಯವರೆಂದು ನಗುತ್ತಾರೆ.

ತೆಸಿಕ್‌ನ ತಾಯಿ ಹೆಣ್ಣು ನೋಡಲು ಬಂದು ಚಾಪೆಯ ಮೇಲೆ ಕೂತಳು. ಅವಳ ಹಿರಿಸೊಸೆಯನ್ನು ತಂದುಕೊಟ್ಟವಳೂ ಬೊಂಗ್ನಿಮ್ ಅಜ್ಜಿಯೇ. ಮಾತು ಮುತ್ತಿನ ಹಾಗೆ ಒಂದೊಂದೇ ಉದುರುತ್ತದೆ ಎಂದಿದ್ದಳು, ಸೊಸೆಗೆ ಉಗ್ಗು. ಅದನ್ನು ತೆಸಿಕ್‌ನ ತಾಯಿ ಮರೆತಿರಲಿಲ್ಲ. ಹ್ವಾಜಾ ಬಾರ್ಲಿ ಚಹಾ ತಂದಾಗ ಅವಳ ನಡಿಗೆಯನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಅಳೆದಳು. ಸೂಜಿಗೆ ದಾರ ಪೋಣಿಸಿಕೊಡು ಎಂದಳು. ಹುಡುಗಿ ಬೆನ್ನು ತಿರುಗಿಸಿದಾಗ ಪಿಸುದನಿಯಲ್ಲಿ ಕರೆದು ಕಿವಿಯನ್ನೂ ಪರೀಕ್ಷಿಸಿದಳು. ಎಲ್ಲವೂ ಸರಿಯಿತ್ತು, ಅದಕ್ಕೇ ಆಕೆಯ ಅನುಮಾನ ಇನ್ನೂ ಬಲಿಯಿತು.

ಹ್ವಾಜಾ ಒಳಗೆ ಹೋದ ಮೇಲೆ, ಹುಡುಗಿ ಹೇಗೆ ಎಂದು ಕೇಳಿದಳು.

"ಇದ್ದಾಳೆ. ಅನ್ನ ಬೇಯಿಸ್ತಾಳೆ, ಕೆಲಸಕ್ಕೆ ಹೋಗ್ತಾಳೆ," ಎಂದಳು ಅಜ್ಜಿ.

"ಅಷ್ಟೇನಾ? ಕುಂಟನಿಗೂ ದೋಣಿ ಹುಡುಕಿದ ಬಾಯಿ ನಿಮ್ಮದು. ಸ್ವಂತ ಮೊಮ್ಮಗಳಿಗೆ ಒಂದು ಮಾತೂ ಹುಟ್ಟಲಿಲ್ಲ ಅಂದ್ರೆ, ಏನು ಮುಚ್ಚಿಡ್ತಾ ಇದೀರಿ ಅಜ್ಜಿ?"

ಅಜ್ಜಿಗೆ ನಾಲಿಗೆ ತಡೆಯಲಾಗಲಿಲ್ಲ. ಅವಳ ನಗು ಒಂದಿದೆಯಲ್ಲ, ಎಂದು ಶುರುಮಾಡಿದಳು.

ತೆಸಿಕ್‌ನ ತಾಯಿ ಬಟ್ಟಲು ಕೆಳಗಿಟ್ಟಳು. "ನಗುವಿಗೇನಾಗಿದೆ? ಹಲ್ಲಾ?"

ಬೊಂಗ್ನಿಮ್ ಅಜ್ಜಿಗೆ ಬಾಯಿ ಬಿಟ್ಟರೂ ಕಷ್ಟ, ಮುಚ್ಚಿದರೂ ಕಷ್ಟ. ನಲವತ್ತು ವರ್ಷ ಪರರ ಮಕ್ಕಳ ಕುಂದನ್ನು ಚಂದ ಮಾಡಿದ ಪಾಪ ತನ್ನ ಕೂಸಿನ ತಲೆಗೇ ಬಂತಲ್ಲ ಎಂದು ಅಳು ಬಂತು. ತೆಸಿಕ್‌ನ ತಾಯಿ ಲಂಗ ಕೊಡವಿ ಏಳುವುದರಲ್ಲಿದ್ದಳು.

"ಗೊರಕೆ ಹೊಡೀತಾಳೆ," ಎಂದುಬಿಟ್ಟಳು ಅಜ್ಜಿ.

"ಯಾವುದರ ಹಾಗೆ?"

"ಯಾವುದರ ಹಾಗೂ ಇಲ್ಲ ತೆಸಿಕ್ ಅಮ್ಮ. ಗೊರಕೆ, ಅಷ್ಟೇ."

ತೆಸಿಕ್‌ನ ತಾಯಿ ಮತ್ತೆ ಕೂತಳು. ಮುಖದ ಗಂಟು ಸಡಿಲಾಯಿತು. ಇಷ್ಟಕ್ಕೆ ಇಷ್ಟು ಮುಚ್ಚುಮರೆಯೇ, ನಮ್ಮನೆಯಲ್ಲಿ ಅಪ್ಪ ಮಗ ಇಬ್ಬರೂ ಹೊಡೆಯುತ್ತಾರೆ ಎಂದು ನಕ್ಕಳು. ಇನ್ನೊಂದು ಬಟ್ಟಲು ಚಹಾ ಕುಡಿದು, ಶರತ್ಕಾಲದಲ್ಲಿ ಪರ್ಸಿಮನ್ ಕಾಯಿ ಹಣ್ಣಾಗುವ ಹೊತ್ತಿಗೆ ಮದುವೆ ಎಂದು ಮಾತು ಕೊಟ್ಟು ಹೋದಳು.

ಒಳಕೋಣೆಯ ಕಾಗದದ ಬಾಗಿಲು ಸರಿಯಿತು. ಹ್ವಾಜಾಳ ಮುಖ ಕೆಂಪಾಗಿತ್ತು.

"ಅಜ್ಜೀ, ನಾನು ಯಾವತ್ತು ಗೊರಕೆ ಹೊಡೆದೆ?"

ಅಜ್ಜಿ ಕಣ್ಣೊರೆಸಿಕೊಂಡಳು. "ಇನ್ನೂ ಮೂರು ತಿಂಗಳಿದೆ. ಕಲ್ತ್ಕೋ."