ನನ್ನ ಪ್ರಶ್ನೆ, ರುಕ್ಕುವಿನ ಹೆಸರು

ಆಗೆಲ್ಲ ನಮ್ಮ ಬಾಳೂರಿನ ಕಡೆ ಕಾಫಿ ಕುಯ್ಲು ಬಂತೆಂದರೆ ಊರೇ ಹಣ್ಣಿನ ಸಿಪ್ಪೆಯ ಹುಳಿವಾಸನೆಯಲ್ಲಿ ಮುಳುಗುತ್ತಿತ್ತು. ಒದ್ದೆಯಾಗಿದ್ದದ್ದೆಲ್ಲ ಒಣಗಲು ಕಣಕ್ಕೆ ಹೋಗಬೇಕು. ಕಾಫಿ, ಹಪ್ಪಳ, ನಮ್ಮ ಲಂಗ, ಎಲ್ಲವೂ. ನಾನೂ ಚಿಕ್ಕಪ್ಪನ ಮಗಳು ರುಕ್ಕುವೂ ಆ ಕಣದಲ್ಲೇ ಕುಂಟಾಬಿಲ್ಲೆ ಆಡಿದವರು. ವಯಸ್ಸು ಒಂದೇ, ಜಡೆ ಮಾತ್ರ ಅವಳದು ಉದ್ದ. ಅದಕ್ಕೂ ನನಗೆ ಉರಿ.

ಆ ವರ್ಷ ನನ್ನ ಸ್ವಂತ ಸೋದರಮಾವ ನಾಗಣ್ಣ ತಂತಿ ಆಫೀಸಿನ ಕೆಲಸ ಬಿಟ್ಟು ಬಂದು, ಗೌಡರ ಎಸ್ಟೇಟಿನ ಖಾಲಿ ಗೋದಾಮಿನಲ್ಲಿ ಒಂದು ಯಂತ್ರ ಕಟ್ಟತೊಡಗಿದರು. ತಂತಿ ಸುದ್ದಿಯನ್ನು ಟಕಟಕ ಸದ್ದು ಕೇಳಿ ಬರೆದುಕೊಳ್ಳುವ ಕಾಲಕ್ಕೂ ಮೊದಲು, ಔಷಧಿ ಸವರಿದ ಕಾಗದದ ಮೇಲೆ ಅದು ನೀಲಿ ಚುಕ್ಕಿ, ಗೀಟುಗಳಾಗಿ ತಾನೇ ಮೂಡುತ್ತಿತ್ತಂತೆ. ಅದನ್ನೇ ಮತ್ತೆ ಮಾಡಿ, ಬಂಗಲೆಯಿಂದ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಸುದ್ದಿ ಕಳಿಸಬೇಕೆಂಬುದು ಮಾವನ ಹಟ.

"ಇದ್ರ ಬಗ್ಗೆ ಒಳ್ಳೆ ಪ್ರಶ್ನೆ ಯಾರು ಕೇಳ್ತೀರೋ, ಅವ್ರ ಹೆಸ್ರೇ ಮೊದ್ಲು ಕಳ್ಸದು" ಎಂದರು ಮಾವ ನಮ್ಮಿಬ್ಬರಿಗೆ.

ನಾನು ಊಟ ಮಾಡುವಾಗಲೂ ಯೋಚಿಸಿದೆ. ಕೊನೆಗೊಂದು ಹೊಳೆಯಿತು. ಖುಷಿ ತಡೆಯಲಾರದೆ ರುಕ್ಕುವಿನ ಕಿವಿಯಲ್ಲಿ ಹೇಳಿದೆ. ಮಾರನೆಯ ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಆ ಮಹಾತಾಯಿ ಕೇಳಿಯೇಬಿಟ್ಟಳು.

"ಮಾವ, ಕರೆಂಟಿಗೆ ಬಣ್ಣ ಇಲ್ಲ, ನಿಮ್ಮ ಕಾಗ್ದನೂ ಬಿಳಿ. ಮತ್ತೆ ನೀಲಿ ಎಲ್ಲಿಂದ ಬರ್ತದೆ?"

"ಅಬ್ಬಾ ಮಾರಾಯ್ತಿ!" ಮಾವ ಎದ್ದೇಬಿಟ್ಟರು. "ಕಾಗ್ದನ ಗಂಜಿತಿಳೀಲಿ, ಅಯೋಡಿನ್ ಉಪ್ಪಲ್ಲಿ ನೆನೆಸಿರ್ತೀನಿ. ಹಸಿ ಇದ್ರೇನೇ ಕರೆಂಟು ಹರಿಯೋದು. ಹರಿದಲ್ಲೆಲ್ಲ ಉಪ್ಪಿಂದ ಅಯೋಡಿನ್ ಬಿಟ್ಕೊಳ್ತದೆ. ಅದು ಗಂಜಿಗೆ ತಾಗಿದ್ರೆ ನೀಲಿ!"

ಹೇಳಿದ್ದೆಲ್ಲ ಅವಳ ಮುಖ ನೋಡಿಕೊಂಡೇ. ಅವಳೋ ಜಡೆ ತಿರುವುತ್ತಾ ನಿಂತಿದ್ದಳು, ಒಂದಕ್ಷರ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ಗೌಡರು ನೋಡಲು ಬರುವ ದಿನ ಕಾಗದದ ಪಟ್ಟಿಗಳನ್ನು ಕಾಯುವ ಕೆಲಸವೂ ಅವಳಿಗೇ ಸಿಕ್ಕಿತು. ಒದ್ದೆ ಕಾಗದ ಕಂಡವಳು ಎಸ್ಟೇಟಿನ ಮಕ್ಕಳೆಲ್ಲ ಮಾಡುವುದನ್ನೇ ಮಾಡಿದಳು. ಅವನ್ನು ಕಣದಲ್ಲಿ ಹರವಿ, ಮಗುಚಿ ಹಾಕಿ, ಗರಿಗರಿಯಾಗಿ ಒಣಗಿಸಿ ತಂದಳು.

ಮಾವ ಸುದ್ದಿ ಕಳಿಸುವ ಕೀಲಿ ಒತ್ತಿದರು. ಪಟ್ಟಿ ಸುಮ್ಮನೆ ಸರಿಯಿತು. ಒಂದು ಚುಕ್ಕಿಯೂ ಇಲ್ಲ.

"ಏನ್ರೀ ನಾಗಣ್ಣ, ನಿಮ್ಮ ಮಿಷಿನ್ನಿಗೆ ಇನ್ನೂ ಬೆಳಗಾಗ್ಲಿಲ್ವಾ?" ಗೌಡರು ನಕ್ಕರು. ಮಾವ ಬೆವರುತ್ತಾ ತಂತಿಗಳನ್ನು ಎಳೆದೆಳೆದು ನೋಡಿದರು.

"ಮಾವ, ಕಾಗ್ದ ಒಣಗಿದೆ. ಹಸಿ ಇಲ್ದೆ ಕರೆಂಟು ಹರಿಯಲ್ಲ" ಎಂದೆ. ಚೊಂಬಿನ ನೀರು ನಾನೇ ಚಿಮುಕಿಸಿದೆ. ನೋಡನೋಡುತ್ತ ಚುಕ್ಕಿ, ಗೀಟು, ಚುಕ್ಕಿ! ನೀಲಿ ಮೂಡಿತು.

ಈಗಲಾದರೂ ಮಾವ ನನ್ನನ್ನು ಕಂಡರೆಂದು ನನ್ನ ಎದೆ ಉಬ್ಬಿತು.

"ಭಲೇ! ಯಾರೇ ಹೇಳ್ಕೊಟ್ಟಿದ್ದು? ರುಕ್ಕುನಾ?"

ಪಟ್ಟಿಯಲ್ಲಿ ಮೂಡಿದ್ದೂ ಅವಳ ಹೆಸರೇ. ರುಕ್ಕು ನನ್ನತ್ತ ನೋಡಿದಳು, ಮತ್ತೆ ಜಡೆ ತಿರುವತೊಡಗಿದಳು. ನಾನು ಗೋದಾಮಿನ ಹಿಂದೆ ಹೋಗಿ ಅತ್ತೆ.

ಆ ಯಂತ್ರ ಗುಜರಿಗೆ ಹೋಯಿತು, ಮಾವನೂ ಹೋದರು. ಎಷ್ಟು ಮದುವೆ, ಎಷ್ಟು ಬಾಣಂತನಗಳಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದೆವು. ಇಬ್ಬರೂ ಆ ಮಾತೆತ್ತಲಿಲ್ಲ. ಹೋದ ಕುಯ್ಲಿನಲ್ಲಿ ರುಕ್ಕು ತೀರಿಕೊಂಡಳು. ಆ ಪ್ರಶ್ನೆ ನನ್ನದೆಂದು ಈ ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.