ಕರಿ ಚೀಲದೊಳಗಿನ ಕನ್ನಡಿ

ಅವತ್ತು ನನ್ನ ಮೊದಲ ಪೇಶೆಂಟ್ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ನಮ್ಮದೇ ಬಿಲ್ಡಿಂಗಿನ ಎದುರು.

ಶನಿವಾರ ಬೆಳಗ್ಗೆ ಡ್ಯೂಟಿ ವ್ಯಾನಿಗಾಗಿ ಕೆಳಗಿಳಿದೆ. ಕಸದ ದೊಡ್ಡ ಡಬ್ಬದ ಪಕ್ಕದಲ್ಲಿ, ಫುಟ್‌ಪಾತಿನ ಅಂಚಿಗೆ ರಫೀಕ್ ಕುಳಿತಿದ್ದ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದಿದ್ದ. ಹಳದಿ ಯೂನಿಫಾರ್ಮಿನ ಮೊಣಕಾಲಿನ ಭಾಗವೆಲ್ಲ ಕೆಂಪು.

ರಫೀಕ್ ಯಾರು ಅಂತ ಹೇಳಿಬಿಡುತ್ತೇನೆ. ಗಲ್ಫಿನ ಈ ಸಾಲ್ಮಿಯಾದಲ್ಲಿ ನಮ್ಮ ಬೀದಿಯ ಕಸ ಎತ್ತುವವನು. ಬಾಂಗ್ಲಾದೇಶದವನು, ವಯಸ್ಸು ನಲವತ್ತರ ಆಸುಪಾಸು. ದಿನಾ ಬೆಳಗ್ಗೆ ನನಗೆ ಮೊದಲು ಸಲಾಂ ಹೇಳುವವನು. (ನನ್ನ ಗಂಡ ಆ ಹೊತ್ತಿಗೆ ಎದ್ದಿರುವುದಿಲ್ಲ.)

ಆಗಿದ್ದಿಷ್ಟೇ. ಡಬ್ಬದ ಮುಚ್ಚಳ ಹಾಕಲು ಬರುತ್ತಿರಲಿಲ್ಲ. ಮೇಲಿದ್ದ ಕರಿ ಚೀಲವನ್ನು ಕೈಯಿಂದ ಅದುಮಿದ್ದಾನೆ. ಅಡುಗೆಮನೆಯ ಕಸ ಇರಬೇಕಾದ ಚೀಲದೊಳಗೆ ಒಡೆದ ಕನ್ನಡಿ ಇತ್ತು. ದಪ್ಪ ಗಾಜು, ಚೂರಿಯಂಥ ಚೂರುಗಳು. ಚೀಲದ ಬಾಯಿಗೆ ಎಷ್ಟು ಅಚ್ಚುಕಟ್ಟಾಗಿ ಗಂಟು ಹಾಕಿದ್ದರೆಂದರೆ, ಬರ್ತ್‌ಡೇ ಗಿಫ್ಟ್ ಅನ್ನಬೇಕು!

ನನ್ನ ದುಪಟ್ಟಾ ಸುತ್ತಿ ಬಿಗಿದೆ. ವ್ಯಾನ್ ಬಂತು. ಸೀಟು ಗಲೀಜಾಗುತ್ತದೆ ಅಂತ ಡ್ರೈವರ್ ಅನುಮಾನಿಸಿದ. ನಾನು ಅವನನ್ನು ಹೇಗೆ ನೋಡಿದೆನೋ, ತಟ್ಟನೆ ಬಾಗಿಲು ತೆಗೆದ.

ಹೊಲಿಗೆ ಬಿತ್ತು. ಆದರೆ ಉಂಗುರದ ಬೆರಳು, ಕಿರುಬೆರಳು ಮಡಚಲಿಲ್ಲ. ಬೆರಳು ಮಡಚುವ ಟೆಂಡನ್ ಕತ್ತರಿಸಿಹೋಗಿದೆ, ಆಪರೇಶನ್ ಆಗಬೇಕು, ಆದರೂ ಮೊದಲಿನ ಹಾಗೆ ಆಗುತ್ತದೆಂದು ಹೇಳಲಾರೆ ಎಂದರು ಡಾಕ್ಟರ್. ರಫೀಕ್ ಫೋನನ್ನು ನನ್ನ ಕೈಗಿತ್ತ. ಆ ಕಡೆ ಅವನ ಸೂಪರ್‌ವೈಸರ್. ಕೈ ಹೇಗಿದೆ ಅಂತ ಕೇಳಲಿಲ್ಲ. ಇವತ್ತು ಅವನ ಬೀದಿ ಯಾರು ಮಾಡುವುದು ಅಂತ ಕೇಳಿದ. ನನ್ನನ್ನು ಕೇಳಿದ, ಅದೂ!

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡದೆ ನೇರವಾಗಿ ಮೇಲಿನ ಮಹಡಿಗೆ ಹೋದೆ. ಪತ್ತೇದಾರಿಕೆ ಏನೂ ಬೇಕಿರಲಿಲ್ಲ. ಹಿಂದಿನ ದಿನ, ಶುಕ್ರವಾರ, ಇಡೀ ಬಿಲ್ಡಿಂಗಿನ ಮಧ್ಯಾಹ್ನದ ನಿದ್ದೆ ಹಾಳಾಗಿತ್ತು. ಸದಾಶಿವಣ್ಣ ಬಾತ್‌ರೂಮ್ ರಿಪೇರಿ ಮಾಡುತ್ತಿದ್ದರು.

ಸದಾಶಿವಣ್ಣ ಉಡುಪಿ ಕಡೆಯವರು, ಹೋಟೆಲೊಂದರಲ್ಲಿ ಸೂಪರ್‌ವೈಸರ್. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಪಿಕ್ನಿಕ್ಕಿಗೆ ಹೋದರೆ ಎಲ್ಲರಿಗೂ ಬಡಿಸಿ, ಕೊನೆಗೆ ತಾವು ಉಣ್ಣುವವರು. ನನ್ನನ್ನು ಕಂಡದ್ದೇ ಅವರಿಗೆ ಖುಷಿ. ಕೂರಲೂ ಬಿಡದೆ ಬಾತ್‌ರೂಮಿಗೆ ಕರೆದುಕೊಂಡು ಹೋದರು. ರಾಯ್ ಮಾರ್ಕೆಟ್ಟಿನಿಂದ ತಂದ ಹೊಸ ಕನ್ನಡಿ, ಅದರ ಸುತ್ತ ಲೈಟು, ಕೆಳಗೆ ಹೊಸ ಬೇಸಿನ್, ಹೊಸ ಟೈಲ್ಸ್. ಎಲ್ಲವೂ ಯೂಟ್ಯೂಬ್ ನೋಡಿ ಅವರೇ ಮಾಡಿದ್ದಂತೆ.

ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು.

"ಹಳೇ ಕನ್ನಡಿ ಎಲ್ಲಿ ಸದಾಶಿವಣ್ಣ?" ಅಂದೆ.

"ಬಿಸಾಡಿದ್ದು. ಕೆಳಗೆ, ಡಬ್ಬಕ್ಕೆ."

ಹೇಳಿದೆ. ರಕ್ತ, ಹೊಲಿಗೆ, ಮಡಚದ ಎರಡು ಬೆರಳು, ಎಲ್ಲವನ್ನೂ. ಹೊಸ ಕನ್ನಡಿಯಲ್ಲಿ ಅವರ ಮುಖ ಬಾಡುವುದು ಕಾಣುತ್ತಿತ್ತು. ಚಾ ಹಿಡಿದು ಬಂದ ಅವರ ಹೆಂಡತಿ ಶೋಭಕ್ಕ ಬಾಗಿಲಲ್ಲೇ ನಿಂತರು. ಆಮೇಲೆ ಸದಾಶಿವಣ್ಣ ಬಾಲ್ಕನಿಯ ಬಾಗಿಲು ತೆಗೆದರು. ಅಲ್ಲಿ ಒಡೆದ ಟೈಲ್ಸ್, ಎರಡು ಹೋಳಾದ ಬೇಸಿನ್, ಇನ್ನಷ್ಟು ಗಾಜು.

"ಚೀಲದಲ್ಲಿ ಕಟ್ಟಿಯೇ ಹಾಕಿದ್ದು ಸಿಸ್ಟರ್. ಹೀಗೆ ಆಗ್ತದೆ ಅಂತ ಯಾರಿಗೆ ಗೊತ್ತುಂಟು? ಇದನ್ನೆಲ್ಲ ಎಲ್ಲಿ ಹಾಕುದು, ನೀವೇ ಹೇಳಿ ನೋಡುವ."

ಸಿಟ್ಟು ನೆತ್ತಿಗೇರಿದ್ದು ಆಗ.

ನೀವೇ ಯೋಚಿಸಿ. ಇಡೀ ಬಿಲ್ಡಿಂಗ್ ಕೆಡವುವವನಿಗೆ ಲಾರಿ ಇದೆ, ಕಾಗದ ಪತ್ರ ಇದೆ, ಸುರಿಯಲು ಜಾಗ ಇದೆ. ಒಂದು ಬಾತ್‌ರೂಮ್ ಒಡೆದವನಿಗೆ ಏನಿದೆ? ಡ್ರಿಲ್ ಮೆಷಿನ್ ಮಾರಲು ಊರು ತುಂಬ ಅಂಗಡಿ. ಟೈಲ್ಸ್ ಮನೆ ಬಾಗಿಲಿಗೇ ತಂದುಕೊಡುತ್ತಾರೆ. ಹಳೆಯದನ್ನು ಏನು ಮಾಡುತ್ತೀರಿ ಅಂತ ಕೇಳುವವನು ಒಬ್ಬನಾದರೂ ಇದ್ದಾನೆಯೇ?

ಮುನಿಸಿಪಾಲಿಟಿಗೆ ಫೋನ್ ಮಾಡಿದೆವು. ಮೊದಲ ನಂಬರಿನವರು ಎರಡನೆಯದನ್ನು ಕೊಟ್ಟರು. ಎರಡನೆಯವರು ಹಾರಿಸನನ್ನು, ಅಂದರೆ ಬಿಲ್ಡಿಂಗಿನ ವಾಚ್‌ಮನ್‌ನನ್ನು ಕೇಳಿ ಅಂದರು. ಹಾರಿಸ್ ಡಬ್ಬದ ಕಡೆಗೇ ಕೈ ತೋರಿಸಿ, ಇದೆಲ್ಲ ಒಂದು ವಿಷಯವೇ ಅನ್ನುವಂತೆ ನಕ್ಕ. ರಕ್ತದ ಕಲೆಗೆ ನೀರು ಹೊಯ್ದು ತೊಳೆದವನೂ ಅವನೇ!

ಮುಂದಿನ ಶುಕ್ರವಾರ ಸದಾಶಿವಣ್ಣನ ಕಾರಿನ ಡಿಕ್ಕಿಯಲ್ಲಿ ಆ ಅವಶೇಷಗಳನ್ನೆಲ್ಲ ತುಂಬಿಕೊಂಡು ಇಬ್ಬರೂ ಹೊರಟೆವು. ನಾನು ಯಾಕೆ ಹೋದೆ? ಬಿಟ್ಟರೆ ಇನ್ನೊಂದು ಬೀದಿಯ ಡಬ್ಬಕ್ಕೆ ಹಾಕಿ ಬರುತ್ತಾರೆ ಎಂಬ ಗುಮಾನಿ. ಏಳನೇ ರಿಂಗ್ ರೋಡ್ ದಾಟಿ ಹೋದರೆ ಕಟ್ಟಡದ ಕಸ ಸುರಿಯುವ ಜಾಗ ಇದೆ ಎಂದು ಯಾರೋ ಹೇಳಿದ್ದರು. ಇತ್ತು. ಗೇಟೂ ಇತ್ತು. ಗೇಟಿನವನು ಡಿಕ್ಕಿ ನೋಡಿದ, ನಮ್ಮನ್ನು ನೋಡಿದ, "ಮಮ್ನೂ" ಅಂದ. (ನಿಷಿದ್ಧ. ಗಲ್ಫಿಗೆ ಬಂದವರು ಎಲ್ಲಕ್ಕಿಂತ ಮೊದಲು ಕಲಿಯುವ ಅರಬಿ ಪದ.) ಕಂಪನಿ ಲಾರಿ ಮಾತ್ರ ಒಳಗೆ ಬಿಡುವುದಂತೆ, ಕಾರಿಗೆ ಇಲ್ಲ. ನಾವು ಕಾನೂನು ಪಾಲಿಸಲು ಬಂದವರು ಅಂತ ಹೇಳಿದೆ. ಅದಕ್ಕೂ ಪರ್ಮಿಟ್ ಬೇಕಿತ್ತೇನೋ!

ವಾಪಸು ಬರುವಾಗ ಸದಾಶಿವಣ್ಣ ಕಾರನ್ನು ರಸ್ತೆಯಿಂದ ಕೆಳಗಿಳಿಸಿ ಮರಳಿನ ಮೇಲೆ ನಿಲ್ಲಿಸಿದರು. ಅಲ್ಲಿ ನಮಗಿಂತ ಮೊದಲು ಬಂದವರ ಗುರುತು ಬೇಕಾದಷ್ಟಿತ್ತು. ಸಿಮೆಂಟಿನ ಗುಡ್ಡೆ, ಸ್ಪಂಜು ಹೊರಬಂದ ಸೋಫಾ, ಪೇಂಟಿನ ಡಬ್ಬಗಳು. ಒಂದು ಕಮೋಡ್ ಆಕಾಶಕ್ಕೆ ಬಾಯಿ ತೆರೆದು ಕುಳಿತಿತ್ತು.

"ಎಲ್ಲರೂ ಹಾಕಿದ್ದಾರೆ. ನಾವೊಬ್ಬರು ಹಾಕದಿದ್ರೆ ಮರುಭೂಮಿ ಕ್ಲೀನ್ ಆಗ್ತದಾ?" ಅಂತ ಡಿಕ್ಕಿ ತೆಗೆದರು.

ನಾನು ಇಳಿದು ಹೋಗಿ ಡಿಕ್ಕಿಗೆ ಅಡ್ಡ ನಿಂತೆ. "ಸದಾಶಿವಣ್ಣ, ಇಲ್ಲಿ ಹಾಕಿದರೆ ನಾನು ನಿಮ್ಮ ಕಾರಲ್ಲಿ ಬರುವುದಿಲ್ಲ. ನಡೆದೇ ಹೋಗುತ್ತೇನೆ."

ಬಿಸಿಲು ಹೇಗಿತ್ತೆಂದರೆ ಹತ್ತು ಹೆಜ್ಜೆಯೂ ನಡೆಯಲಾಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಡಿಕ್ಕಿ ಮುಚ್ಚಿದರು. ದಾರಿಯಲ್ಲಿ ಗೊಣಗಿದರು. ನಮ್ಮೂರಲ್ಲಾದರೆ ಇಷ್ಟೆಲ್ಲ ತಲೆಬಿಸಿ ಇರುತ್ತಿರಲಿಲ್ಲವಂತೆ. ಇಲ್ಲಿಯಾದರೋ, ಇದೇನು ನಮ್ಮ ದೇಶವಾ?

ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಊರಲ್ಲಿ ರಸ್ತೆ ಬದಿಗೆ ಕಸ ಎಸೆಯುವಾಗ ನಮ್ಮದೇ ಊರಲ್ಲವಾ, ನಡೆಯುತ್ತದೆ. ಇಲ್ಲಿ ಎಸೆಯುವಾಗ ನಮ್ಮ ದೇಶ ಅಲ್ಲವಲ್ಲ, ನಡೆಯುತ್ತದೆ. ಹಾಗಾದರೆ ನಡೆಯದೇ ಇರುವ ಜಾಗ ಯಾವುದು? ನಮ್ಮ ಹಾಲ್‌ನ ಕಾರ್ಪೆಟ್ ಮಾತ್ರವಾ?

ಕೊನೆಗೆ ಕೆಲಸ ಆದದ್ದು ಎಲ್ಲಿ ಗೊತ್ತೇ? ನಮ್ಮದೇ ಬೀದಿಯ ಹಿಂದೆ. ಅಲ್ಲೊಂದು ಹೊಸ ಬಿಲ್ಡಿಂಗ್ ಏಳುತ್ತಿದೆ. ಕಲ್ಲು ಮಣ್ಣು ಒಯ್ಯಲು ಲಾರಿ ಬಿಟ್ಟುಹೋಗುವ ಕಬ್ಬಿಣದ ತೊಟ್ಟಿ ಇದೆ. ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆವು. ಅಲ್ಲಿನ ಫೋರ್‌ಮನ್ ಆಂಧ್ರದವರು. ಕೇಳಿದೆವು. ಟೈಲ್ಸ್, ಬೇಸಿನ್ ತೊಟ್ಟಿಗೆ ಹಾಕಿ, ಗಾಜನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಬೇರೆ ಇಡಿ, ನಮ್ಮ ಲಾರಿಯಲ್ಲೇ ಹೋಗುತ್ತದೆ ಅಂದರು. ಖಲಾಸ್. ಒಂದು ಚಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಖುಷಿ ಆಯಿತಾ? ಇಲ್ಲ, ಇನ್ನಷ್ಟು ಉರಿಯಿತು. ರಿಪೇರಿ ಮಾಡಿದ ಆ ಶುಕ್ರವಾರವೇ, ಸುತ್ತಿಗೆ ಕೆಳಗಿಟ್ಟ ಮೇಲೆ, ಒಬ್ಬರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ! ಇಂಥದ್ದೇ ತೊಟ್ಟಿಯೊಂದನ್ನು ಪ್ರತಿ ಏರಿಯಾದಲ್ಲೂ ವಾರಕ್ಕೊಮ್ಮೆ ಇಟ್ಟಿದ್ದರೆ, ಕೇಳುವ ಅಗತ್ಯವೂ ಇರಲಿಲ್ಲವಲ್ಲ!

ಅಷ್ಟರಲ್ಲಿ ರಫೀಕ್ ಕೆಲಸಕ್ಕೆ ಬಂದಿದ್ದ. ಆಪರೇಶನ್ ಆಗಿರಲಿಲ್ಲ. ಆಗುತ್ತದೆ, ಕಂಪನಿ ಹೇಳಿದೆ ಅನ್ನುತ್ತಿದ್ದ. ಬ್ಯಾಂಡೇಜಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಡಗೈಯಲ್ಲೇ ಗುಡಿಸುತ್ತಿದ್ದ. ಸದಾಶಿವಣ್ಣ ಒಂದು ಬೆಳಗ್ಗೆ ನನ್ನ ಜೊತೆ ಕೆಳಗಿಳಿದರು. ನಾನು ಕರೆದಿರಲಿಲ್ಲ. ಅವನ ಎದುರು ನಿಂತು, ತಮ್ಮ ಹೋಟೆಲ್ ಹಿಂದಿಯಲ್ಲಿ, "ಭಾಯಿ, ವೋ ಶೀಷಾ ಮೇರಾ ಥಾ" ಅಂದರು. ಆ ಗಾಜು ನನ್ನದು ಅಂತ.

ರಫೀಕ್ ಪೊರಕೆ ನಿಲ್ಲಿಸಲಿಲ್ಲ.

"ಮಾಲೂಮ್ ಹೈ, ಸಾಬ್." ಗೊತ್ತು ಎಂದ ಅಷ್ಟೇ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ. ಒಳಗೆ ಗಾಜಿದೆ ಅಂತ ಒಂದು ಮಾತು ಹೇಳಿದ್ದರೆ ತಾನೇ ಮೇಲೆ ಬಂದು ಜೋಪಾನವಾಗಿ ಇಳಿಸಿಕೊಂಡು ಹೋಗುತ್ತಿದ್ದೆ ಎಂದ. ಸದಾಶಿವಣ್ಣ ಅಲ್ಲೇ ನಿಂತಿದ್ದರು. ನನ್ನ ವ್ಯಾನ್ ತಿರುವು ದಾಟುವವರೆಗೂ ನಿಂತಿದ್ದದ್ದು ಕಾಣಿಸಿತು.

ಬೇಸಿಗೆ ಮುಗಿಯುವ ಮೊದಲೇ ರಫೀಕನನ್ನು ಊರಿಗೆ ಕಳಿಸಿಬಿಟ್ಟರು. ಬಲಗೈಯಲ್ಲಿ ಪೊರಕೆ ಹಿಡಿಯಲಾಗದವನಿಗೆ ಇಕಾಮಾ (ಇಲ್ಲಿ ವಾಸಿಸುವ ಪರ್ಮಿಟ್) ರಿನ್ಯೂ ಮಾಡಿಸುವ ಕಂಪನಿ ಎಲ್ಲಿದೆ? ಹೋಗುವ ಹಿಂದಿನ ದಿನ ನಮ್ಮ ಮನೆಯ ಬೆಲ್ ಮಾಡಿ, ನನ್ನ ದುಪಟ್ಟಾ ಕೊಟ್ಟು ಹೋದ. ಒಗೆದು ಮಡಚಿದ್ದ. ಕಲೆ ಮಾತ್ರ ಹೋಗಿರಲಿಲ್ಲ.

ಮೊನ್ನೆ ನಮ್ಮವರ ಕೂಟವೊಂದರಿಂದ ಬೀಚ್ ಕ್ಲೀನಿಂಗ್ ಕಾರ್ಯಕ್ರಮ ಇತ್ತು. ಹೋಗಿದ್ದೆ. ಎಲ್ಲರಿಗೂ ಟೀ ಶರ್ಟ್, ಕ್ಯಾಪ್, ಜ್ಯೂಸ್. ಕೈಗೆ ದಪ್ಪ ರಬ್ಬರ್ ಗ್ಲೌಸ್, ಯಾರಿಗೂ ಗಾಯ ಆಗಬಾರದಲ್ಲ. ಒಂದಿಷ್ಟು ಬಾಟಲಿ ಹೆಕ್ಕಿದೆವು, ಬೇಕಾದಷ್ಟು ಫೋಟೋ ತೆಗೆಸಿಕೊಂಡೆವು. ನಾವು ತುಂಬಿಸಿದ ಚೀಲಗಳನ್ನು ಲಾರಿಗೆ ಹಾಕಲು ಹಳದಿ ಯೂನಿಫಾರ್ಮಿನವರು ಇಬ್ಬರು ಬಂದರು.

ಅವರದು ಬರಿಗೈ. ನಮ್ಮಲ್ಲಿ ಒಬ್ಬರಿಗಾದರೂ ಗ್ಲೌಸ್ ಬಿಚ್ಚಿ ಕೊಡಬೇಕು ಅಂತ ಅನ್ನಿಸಬೇಡವೇ?